ಮೇವಿಗೆ ಬೆರೆಸಿದ ಮದ್ದು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಗಳಲ್ಲಿ ಸಾಮಾನ್ಯವಾಗಿ ಸಂಬಳ, ಬೋನಸ್, ಪಾಳಿ, ರಜೆ ಇವುಗಳ ಮಾತೇ ಹೆಚ್ಚು. ಅದು ಸಹಜವೂ ಹೌದು. ಈ ದಿನ ನಾವು ಎತ್ತಿಕೊಂಡಿರುವ ವಿಷಯ ಮಾತ್ರ ಬೇರೆ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳಿಗೆ ಮೇವಿನೊಡನೆ ತಿನ್ನಿಸಿದ ಔಷಧ, ಮತ್ತು ಅದರಿಂದ ಮನುಷ್ಯನಿಗೆ ಒದಗಿದ ಕೇಡು. "ನಾವು ಇಡ್ಲಿ ದೋಸೆಯ ಹೋಟೆಲಿನವರು, ಗಿರಣಿಯಲ್ಲಿ ದುಡಿದವರು, ಆ ದೂರದ ದೇಶದ ದನದ ಕೊಟ್ಟಿಗೆಯ ಸುದ್ದಿ ನಮಗೇಕೆ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಭಾಷಣದ ಕೊನೆಯ ಹೊತ್ತಿಗೆ ತಾನಾಗಿ ಸಿಗುತ್ತದೆ ಎಂದು ನಮ್ಮ ನಂಬಿಕೆ.

ಮೊದಲು ಔಷಧದ ಪರಿಚಯ ಮಾಡಿಕೊಳ್ಳೋಣ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ, ಒಂದು ಬಗೆಯ ಬೂಷ್ಟು ತನ್ನ ಸುತ್ತಲಿನ ರೋಗಾಣುಗಳನ್ನು ಕೊಲ್ಲುವುದನ್ನು ಕಂಡರು. ಹಳಸಿದ ರೊಟ್ಟಿಯ ಮೇಲೆ ಬರುತ್ತದಲ್ಲ, ಅದೇ ಜಾತಿಯ ಬೂಷ್ಟು. ಅದರಿಂದ ಪೆನಿಸಿಲಿನ್ ಬಂತು. ಫ್ಲೋರಿ ಮತ್ತು ಚೇನ್ ಎಂಬವರು ಅದನ್ನು ರೋಗಿಗೆ ಕೊಡಬಹುದಾದ ಮದ್ದನ್ನಾಗಿ ಮಾಡಿದರು. 1945ರಲ್ಲಿ ಮೂವರಿಗೂ ಸೇರಿ ನೊಬೆಲ್ ಪಾರಿತೋಷಕ ಬಂತು. ಹೀಗೆ ರೋಗಾಣುಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಮದ್ದುಗಳಿಗೆ ಆಂಟಿಬಯಾಟಿಕ್ ಎಂದು ಹೆಸರು. ನಮ್ಮ ಪಕ್ಕದ ಪುಣೆಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಮರುವರ್ಷವೇ ಪೆನಿಸಿಲಿನ್ ತಯಾರಿಸತೊಡಗಿತು. ಅದಕ್ಕೆ ಮೊದಲು ನಮ್ಮ ದೇಶಕ್ಕೆ ಈ ಮದ್ದು ಹಡಗಿನಲ್ಲಿ ಬರಬೇಕಾಗಿತ್ತು. ಬಡವನ ಕೈಗೆ ಎಟಕುತ್ತಿರಲಿಲ್ಲ.

ಈ ಮದ್ದುಗಳು ಬರುವ ಮೊದಲು ಕಾಲಿಗೆ ಮೊಳೆ ಚುಚ್ಚಿ ಕೀವಾದರೆ ಆಳು ಸಾಯಬಹುದಿತ್ತು. ಬಾಣಂತಿ ಜ್ವರ, ನ್ಯುಮೋನಿಯಾ, ಕ್ಷಯ ಇವು ಮನೆ ಹೊಕ್ಕರೆ ಹೆಣ ಹೊರುವವರೆಗೂ ಹೋಗುತ್ತಿರಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದ ಕಾಲದ ಕಥೆಯನ್ನು ನಮ್ಮ ಹಿರಿಯರಿಂದ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಮದ್ದನ್ನು ಕಂಡುಹಿಡಿದವರೇ ಅದರ ಅಪಾಯವನ್ನೂ ಹೇಳಿದ್ದರು. 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಮಾಡುವಾಗ ಫ್ಲೆಮಿಂಗರು ಒಂದು ಕಲ್ಪಿತ ದೃಷ್ಟಾಂತ ಕೊಟ್ಟರು. ಒಬ್ಬನಿಗೆ ಗಂಟಲು ನೋವು. ತಾನೇ ಅಂಗಡಿಯಿಂದ ಪೆನಿಸಿಲಿನ್ ತಂದು ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟು ತೆಗೆದುಕೊಳ್ಳುವುದಿಲ್ಲ. ಅದು ಮದ್ದನ್ನು ಎದುರಿಸಲು ಕಲಿಯುವಷ್ಟು ಮಾತ್ರ. ಆ ರೋಗಾಣು ಅವನ ಹೆಂಡತಿಗೆ ತಗಲುತ್ತದೆ. ಅವಳಿಗೆ ನ್ಯುಮೋನಿಯಾ ಆಗುತ್ತದೆ. ಆಗ ಪೆನಿಸಿಲಿನ್ ಕೊಟ್ಟರೆ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು ಎಂದು ಅವರು ಕೇಳಿದರು.

ರೋಗಾಣು "ಕಲಿಯುತ್ತದೆ" ಎಂಬುದು ಮಾತಿನ ಅನುಕೂಲಕ್ಕೆ ಹೇಳುವುದು. ನಿಜವಾಗಿ ನಡೆಯುವುದು ಹೀಗೆ. ತಿಗಣೆಗೆ ಡಿ.ಡಿ.ಟಿ. ಹೊಡೆದ ಕಥೆ ನೆನಪಿಸಿಕೊಳ್ಳಿ. ಮೊದಲ ಸಲ ಹೊಡೆದಾಗ ಮಂಚದ ಸಂದಿನ ತಿಗಣೆಗಳೆಲ್ಲ ಸತ್ತಂತೆ ಕಂಡಿತು. ಆದರೆ ಸಾವಿರದಲ್ಲಿ ಒಂದೆರಡು ಹುಟ್ಟಿನಿಂದಲೇ ಆ ವಿಷವನ್ನು ತಾಳುವಂಥವು ಇದ್ದವು. ಉಳಿದವು ಅವೇ. ಮರಿ ಹಾಕಿದವೂ ಅವೇ. ಕೆಲವು ವರ್ಷಗಳಲ್ಲಿ ಡಿ.ಡಿ.ಟಿ.ಗೆ ಜಗ್ಗದ ತಿಗಣೆಯ ಸಂತಾನವೇ ಎಲ್ಲೆಡೆ ಆಯಿತು. ರೋಗಾಣುಗಳ ಲೆಕ್ಕವೂ ಇದೇ, ವೇಗ ಮಾತ್ರ ಬೇರೆ. ಬೇಕಾದ ಬಿಸಿ, ಬೇಕಾದ ಆಹಾರ ಸಿಕ್ಕರೆ ಕೆಲವು ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಆ ಲೆಕ್ಕದಲ್ಲಿ ನಮ್ಮ ಒಂದು ಎಂಟು ಗಂಟೆಯ ಪಾಳಿ ಮುಗಿಯುವಷ್ಟರಲ್ಲಿ ಒಂದೇ ಒಂದು ರೋಗಾಣು ಒಂದೂವರೆ ಕೋಟಿಯನ್ನು ಮೀರುತ್ತದೆ. ಅದರಲ್ಲಿ ಮದ್ದಿಗೆ ಜಗ್ಗದ ಒಂದು ಹುಟ್ಟಿದರೆ ಸಾಕು. ಮದ್ದು ಉಳಿದವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ.

ಇನ್ನೊಂದು ವಿಚಿತ್ರವುಂಟು. ಜಪಾನಿನಲ್ಲಿ ರಕ್ತಭೇದಿಯ ರೋಗಾಣುಗಳು ಒಂದಲ್ಲ, ನಾಲ್ಕು ನಾಲ್ಕು ಮದ್ದುಗಳಿಗೆ ಒಟ್ಟಿಗೆ ಜಗ್ಗದೆ ನಿಂತವು. ಇದು ಹೇಗೆಂದು ಹುಡುಕಿದ ಅಲ್ಲಿನ ವಿಜ್ಞಾನಿಗಳು 1959ರಲ್ಲಿ ಕಾರಣ ಕಂಡರು. ಮದ್ದನ್ನು ಎದುರಿಸುವ ಶಕ್ತಿಯನ್ನು ಒಂದು ರೋಗಾಣು ತನ್ನ ಮರಿಗಳಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಕ್ಕೂ ದಾಟಿಸಬಲ್ಲುದು. ಈ ಶಕ್ತಿಯ ಗುಟ್ಟು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಂಥ ಎಳೆಯಲ್ಲಿರುತ್ತದೆ. ಒಬ್ಬನ ಕೈಯ ಬೀಗದ ಕೈಯನ್ನು ನಕಲು ಮಾಡಿ ನೆರೆಯವನಿಗೆ ಕೊಟ್ಟಂತೆ, ಈ ಎಳೆಯ ನಕಲು ಒಂದರಿಂದ ಒಂದಕ್ಕೆ ಹೋಗುತ್ತದೆ. ಆದ್ದರಿಂದ ಹಸುವಿನ ಹೊಟ್ಟೆಯಲ್ಲಿರುವ, ಯಾರಿಗೂ ಕೇಡು ಮಾಡದ ಬ್ಯಾಕ್ಟೀರಿಯ ಕೂಡ ನಾಳೆ ಮನುಷ್ಯನ ರೋಗಾಣುವಿಗೆ ಆ ಕೀಲಿಯನ್ನು ಕೊಡಬಹುದು. ಈ ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ಈಗ ದನದ ವಿಷಯಕ್ಕೆ ಬರೋಣ.

ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್ ಎಂಬಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಶಾಲೆ ಇತ್ತು. ಅದರ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರದವರಾದ ಯಲ್ಲಾಪ್ರಗಡ ಸುಬ್ಬರಾವ್. ಅಲ್ಲಿ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ವಿಜ್ಞಾನಿ ಮಣ್ಣಿನೊಳಗಿನ ಒಂದು ಜೀವಾಣುವಿನಿಂದ ಹೊನ್ನಿನ ಬಣ್ಣದ ಹೊಸ ಮದ್ದನ್ನು ತೆಗೆದರು. 1948ರಲ್ಲಿ ಅದು ಆರಿಯೋಮೈಸಿನ್ ಎಂಬ ಹೆಸರಿನಿಂದ ಲೋಕಕ್ಕೆ ಗೊತ್ತಾಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಮದ್ದು ತೆಗೆದ ಮೇಲೆ ಉಳಿಯುವ ಗಸಿಯನ್ನು ಅದೇ ಪ್ರಯೋಗಶಾಲೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬವರು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಅದರಲ್ಲಿರುವ ಒಂದು ಜೀವಸತ್ವದ ಗುಣವನ್ನು ಪರೀಕ್ಷಿಸುವುದು ಅವರ ಉದ್ದೇಶ. ಆದರೆ ಮರಿಗಳು ನಿರೀಕ್ಷೆಗಿಂತಲೂ ಬೇಗ ಕೊಬ್ಬಿದವು. ಜೀವಸತ್ವದ ಜೊತೆಗೆ ಗಸಿಯಲ್ಲಿ ಉಳಿದಿದ್ದ ಚೂರು ಆಂಟಿಬಯಾಟಿಕ್ಕೂ ಇದಕ್ಕೆ ಕಾರಣ ಎಂದು ತಿಳಿಯಿತು. 1950ರಲ್ಲಿ ಸುದ್ದಿ ಹೊರಬಿತ್ತು. 1951ರಲ್ಲಿ ಅಮೆರಿಕದ ಸರಕಾರ ಮೇವಿಗೆ ಈ ಮದ್ದು ಬೆರೆಸಲು ಒಪ್ಪಿಗೆ ಕೊಟ್ಟಿತು. ಪಶುವೈದ್ಯರ ಚೀಟಿಯೂ ಬೇಕಾಗಿರಲಿಲ್ಲ. ಒಂದು ಟನ್ ಮೇವಿಗೆ ಕೆಲವೇ ಗ್ರಾಂ ಮದ್ದು. ಅಷ್ಟರಿಂದ ಕೋಳಿ, ಹಂದಿ, ಕರು ಎಲ್ಲವೂ ಕಡಿಮೆ ಮೇವಿನಲ್ಲಿ ಹೆಚ್ಚು ತೂಗಿದವು. ಮೇವಿನ ಖರ್ಚು ಉಳಿಯಿತು. ಮಾಲೀಕನಿಗೆ ಲಾಭ, ಔಷಧದ ಕಂಪನಿಗೂ ಲಾಭ.

ಇಲ್ಲಿ ಫ್ಲೆಮಿಂಗರ ದೃಷ್ಟಾಂತವನ್ನು ಪಕ್ಕಕ್ಕಿಟ್ಟು ನೋಡಿ. ಕೊಲ್ಲುವಷ್ಟಲ್ಲದ, ಸ್ವಲ್ಪ ಸ್ವಲ್ಪ ಮದ್ದು, ದಿನಗಟ್ಟಲೆ, ತಿಂಗಳುಗಟ್ಟಲೆ. ಯಾವುದನ್ನು ಮಾಡಬಾರದೆಂದು ಅವರು ಹೇಳಿದ್ದರೋ ಅದನ್ನೇ ಲಕ್ಷಾಂತರ ಪ್ರಾಣಿಗಳ ಹೊಟ್ಟೆಯಲ್ಲಿ ಮಾಡಿದಂತಾಯಿತು.

ಮಾಂಸದ ದನವನ್ನು ಅಲ್ಲಿ ಸಾಕುವ ಕ್ರಮವನ್ನೂ ತಿಳಿಯಬೇಕು. ಕರು ಮೊದಲು ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಆಮೇಲೆ ಅದನ್ನು ಲಾರಿಯಲ್ಲಿ ತುಂಬಿ ಟೆಕ್ಸಾಸ್, ಕ್ಯಾನ್ಸಾಸ್, ನೆಬ್ರಾಸ್ಕ ಮುಂತಾದ ಕಡೆಗಳ ದೊಡ್ಡ ದೊಡ್ಡ ದೊಡ್ಡಿಗಳಿಗೆ ಸಾಗಿಸುತ್ತಾರೆ. ಒಂದೊಂದು ದೊಡ್ಡಿಯಲ್ಲಿ ಹತ್ತಾರು ಸಾವಿರ ದನ. ಅಲ್ಲಿ ಕೆಲವು ತಿಂಗಳು ಮುಸುಕಿನ ಜೋಳದಂಥ ಕಾಳನ್ನು ಮುಂದಿಟ್ಟು ಕೊಬ್ಬಿಸುತ್ತಾರೆ. ದನದ ಹೊಟ್ಟೆ ಹುಲ್ಲಿಗಾಗಿ ಆದದ್ದು. ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಒಳಗೋಡೆಯಲ್ಲಿ ಹುಣ್ಣಾಗುತ್ತದೆ, ಆ ಹುಣ್ಣಿನ ದಾರಿಯಿಂದ ರೋಗಾಣು ಯಕೃತ್ತಿಗೆ ಹೋಗಿ ಅಲ್ಲಿ ಕೀವುಗಂಟು ಕಟ್ಟುತ್ತದೆ. ಇದನ್ನು ತಡೆಯಲು ಟೈಲೋಸಿನ್ ಎಂಬ ಆಂಟಿಬಯಾಟಿಕ್ಕನ್ನು ಮೇವಿನಲ್ಲಿ ಬೆರೆಸುತ್ತಾರೆ. ಲಾರಿಯ ಪ್ರಯಾಣದಲ್ಲಿ ದಣಿದು, ಊರೂರಿನಿಂದ ಬಂದ ದನಗಳ ಜೊತೆ ಬೆರೆತು ಪುಪ್ಪುಸದ ಜ್ವರ ಬರುತ್ತದೆಂದು, ಬಂದಿಳಿದ ಇಡೀ ಹಿಂಡಿಗೆ ಮದ್ದು ಚುಚ್ಚುವ ಪದ್ಧತಿಯೂ ಇದೆ. ಕಾಯಿಲೆಯ ಮೂಲ ಸಾಕುವ ರೀತಿಯಲ್ಲಿ. ರೀತಿ ಬದಲಾಯಿಸಿದರೆ ಖರ್ಚು. ಅದಕ್ಕಾಗಿ ಮದ್ದು. ಇಕ್ಕಟ್ಟಾದ, ಗಾಳಿಯಿಲ್ಲದ ಕೋಣೆಯಲ್ಲಿ ಆಳುಗಳನ್ನು ಮಲಗಿಸಿ, ಕೆಮ್ಮು ಬಂದಾಗ ಮಾತ್ರೆ ಹಂಚುವ ಮಾಲೀಕನ ಬುದ್ಧಿ ನಮಗೆ ಹೊಸದಲ್ಲ.

"ದನದ ಹೊಟ್ಟೆಯ ರೋಗಾಣು ದನದಲ್ಲೇ ಇರುತ್ತದೆ, ಮನುಷ್ಯನಿಗೆ ಬರುತ್ತದೆಂಬುದಕ್ಕೆ ಸಾಕ್ಷಿ ಎಲ್ಲಿ?" ಎಂದು ಬಹಳ ಕಾಲ ವಾದ ನಡೆಯಿತು. ಸಾಕ್ಷಿ 1983ರಲ್ಲಿ ಸಿಕ್ಕಿತು. ಆ ವರ್ಷದ ಆರಂಭದಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಕೆಲವರಿಗೆ ಸಾಲ್ಮೊನೆಲ್ಲ ಎಂಬ ರೋಗಾಣುವಿನಿಂದ ಕಡು ಭೇದಿ ಹತ್ತಿತು. ಅದು ಹಲವು ಮದ್ದುಗಳಿಗೆ ಜಗ್ಗದ ತಳಿ. ಆರೋಗ್ಯ ಇಲಾಖೆಯವರು ಹುಡುಕುತ್ತಾ ಹೋದಾಗ ನೆರೆಯ ರಾಜ್ಯಗಳವರೂ ಸೇರಿ ನಾಲ್ಕು ರಾಜ್ಯಗಳಲ್ಲಿ 18 ಮಂದಿ ಸಿಕ್ಕರು. 11 ಮಂದಿ ಆಸ್ಪತ್ರೆ ಸೇರಿದರು. ಒಬ್ಬರು ಸತ್ತರು. ಸ್ಕಾಟ್ ಹೋಮ್‌ಬರ್ಗ್ ಮತ್ತು ಅವರ ಸಂಗಡಿಗರು ಒಬ್ಬೊಬ್ಬರೂ ಏನು ತಿಂದರು, ಆ ಮಾಂಸ ಯಾವ ಅಂಗಡಿಯದು, ಅಂಗಡಿಗೆ ಎಲ್ಲಿಂದ ಬಂತು ಎಂದು ಎಳೆ ಹಿಡಿದು ಹೋದರು. ಎಳೆ ಸೌತ್ ಡಕೋಟ ರಾಜ್ಯದ ಮಾಂಸದ ದನಗಳ ಹಿಂಡಿಗೆ ಮುಟ್ಟಿತು. ಆ ಹಿಂಡಿಗೆ ಮೇವಿನಲ್ಲಿ ಕ್ಲೋರ್‌ಟೆಟ್ರಸೈಕ್ಲಿನ್ ಕೊಡುತ್ತಿದ್ದರು. ಇದು ಹಿಂದೆ ಹೇಳಿದ ಆರಿಯೋಮೈಸಿನ್ನಿನ ಇನ್ನೊಂದು ಹೆಸರು. ರೋಗಿಗಳ ರೋಗಾಣುವಿನ ಪ್ಲಾಸ್ಮಿಡ್ ಗುರುತನ್ನು ಹೋಲಿಸಿ ಅವರು ಈ ಕೊಂಡಿಯನ್ನು ಜೋಡಿಸಿದರು.

ಈ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಆ 18 ಮಂದಿಯಲ್ಲಿ 12 ಮಂದಿ ಭೇದಿ ಹತ್ತುವ ಒಂದೆರಡು ದಿನ ಮೊದಲು, ಬೇರೆ ಯಾವುದೋ ತೊಂದರೆಗಾಗಿ ಪೆನಿಸಿಲಿನ್ ಜಾತಿಯ ಮದ್ದು ತೆಗೆದುಕೊಂಡಿದ್ದರು. ಮಾಂಸದೊಡನೆ ಬಂದ ಸಾಲ್ಮೊನೆಲ್ಲ ಅಲ್ಲಿಯವರೆಗೆ ಹೊಟ್ಟೆಯಲ್ಲಿ ಸುಮ್ಮನೆ ಇದ್ದಿರಬೇಕು. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಸಾಧು ಬ್ಯಾಕ್ಟೀರಿಯಗಳಿವೆ; ಅವು ಜಾಗ ಹಿಡಿದು ಕೂತಿರುವಾಗ ಹೊರಗಿನ ಕಳ್ಳನಿಗೆ ಬೆಳೆಯಲು ಎಡೆ ಸಿಗುವುದಿಲ್ಲ. ಮದ್ದು ಆ ಸಾಧುಗಳನ್ನು ಕೊಂದಿತು. ಮದ್ದಿಗೆ ಜಗ್ಗದ ಕಳ್ಳ ಖಾಲಿ ಮನೆಯಲ್ಲಿ ಹಬ್ಬಿದ. ಅನಾವಶ್ಯಕವಾಗಿ ಕ್ಯಾಪ್ಸೂಲ್ ನುಂಗುವವನು ತನ್ನ ಮನೆಯ ಕಾವಲುಗಾರರನ್ನು ತಾನೇ ಓಡಿಸಿದಂತೆ.

ಇದಕ್ಕೂ ಮೊದಲು 1976ರಲ್ಲಿ ಸ್ಟುವರ್ಟ್ ಲೀವಿ ಎಂಬ ವೈದ್ಯರು ಒಂದು ಕೋಳಿಸಾಕಣೆಯ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದ್ದರು. ಮೇವಿಗೆ ಟೆಟ್ರಸೈಕ್ಲಿನ್ ಜಾತಿಯ ಮದ್ದು ಬೆರೆಸಿದ ಒಂದೇ ವಾರದಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯಗಳು ಬಹುಪಾಲು ಅದಕ್ಕೆ ಜಗ್ಗದಂಥವಾದವು. ಆರು ತಿಂಗಳೊಳಗೆ ಅಂಥ ಬ್ಯಾಕ್ಟೀರಿಯ ಆ ಮನೆಯವರ ಕರುಳಿನಲ್ಲೂ ಹೆಚ್ಚಿತು. ಅವರಾರೂ ಆ ಮದ್ದು ತಿಂದವರಲ್ಲ. ಆ ಕೋಳಿಗಳೊಡನೆ ಬದುಕಿದವರು ಅಷ್ಟೆ. ಹೀಗೆ ಮೊದಲ ಪೆಟ್ಟು ಬೀಳುವುದು ಕೊಟ್ಟಿಗೆಯಲ್ಲಿ, ಕಸಾಯಿಖಾನೆಯಲ್ಲಿ ದುಡಿಯುವವನಿಗೆ. ಲಾಭ ಒಬ್ಬರದು, ರೋಗ ಇನ್ನೊಬ್ಬರದು.

ಸರಕಾರಗಳು ಏನು ಮಾಡಿದವು? ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಕರುಗಳ ವ್ಯಾಪಾರದ ಮೂಲಕ ಹಲವು ಮದ್ದುಗಳಿಗೆ ಜಗ್ಗದ ಸಾಲ್ಮೊನೆಲ್ಲ ಹರಡಿತು. ಅದರ ಮೇಲೆ ನೇಮಿಸಿದ ಸ್ವಾನ್ ಸಮಿತಿ 1969ರಲ್ಲಿ ಸ್ಪಷ್ಟವಾಗಿ ಹೇಳಿತು: ಚಿಕಿತ್ಸೆಗೆ ಬೇಕಾದ ಮದ್ದನ್ನು ಪ್ರಾಣಿಗಳನ್ನು ಕೊಬ್ಬಿಸಲು ಬಳಸಕೂಡದು. ಆದರೆ ವ್ಯಾಪಾರ ಬೇರೆ ದಾರಿ ಹುಡುಕಿತು. ಮನುಷ್ಯನಿಗೆ ಕೊಡದ ಅವೊಪಾರ್ಸಿನ್ ಎಂಬ ಮದ್ದು ಯುರೋಪಿನ ಮೇವಿಗೆ ಬಂತು. ಅದು ಆಸ್ಪತ್ರೆಗಳಲ್ಲಿ ಕಡೆಯ ಆಸರೆಯಾಗಿದ್ದ ವ್ಯಾಂಕೋಮೈಸಿನ್ನಿನ ಹತ್ತಿರದ ನಂಟ. ಒಂದನ್ನು ತಾಳಲು ಬಲ್ಲ ರೋಗಾಣು ಇನ್ನೊಂದನ್ನೂ ತಾಳಿತು. 1995ರಲ್ಲಿ ಡೆನ್ಮಾರ್ಕ್, 1997ರಲ್ಲಿ ಇಡೀ ಯುರೋಪಿನ ಒಕ್ಕೂಟ ಅದನ್ನು ನಿಲ್ಲಿಸಿದವು. ಸ್ವೀಡನ್ ದೇಶ 1986ರಲ್ಲೇ ಕೊಬ್ಬಿಸುವ ಮದ್ದುಗಳನ್ನೆಲ್ಲ ನಿಷೇಧಿಸಿತ್ತು. 2006ರ ಜನವರಿ 1ರಿಂದ ಯುರೋಪಿನ ಒಕ್ಕೂಟವೂ ಅದೇ ದಾರಿ ಹಿಡಿಯಿತು.

ಅಮೆರಿಕದಲ್ಲಿ 1977ರಲ್ಲೇ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಪೆನಿಸಿಲಿನ್, ಟೆಟ್ರಸೈಕ್ಲಿನ್‌ಗಳನ್ನು ಮೇವಿನಿಂದ ತೆಗೆಯಲು ಹೊರಟಿತು. ಮಾಂಸದ ಉದ್ಯಮ, ಔಷಧದ ಉದ್ಯಮ ಎರಡೂ ಅಡ್ಡ ನಿಂತವು. ಕಡತ ದಶಕಗಟ್ಟಲೆ ಹಾಗೆಯೇ ಬಿದ್ದಿತ್ತು. ಕೊನೆಗೆ 2017ರ ಜನವರಿ 1ರಿಂದ, ಮನುಷ್ಯನ ಚಿಕಿತ್ಸೆಗೆ ಮುಖ್ಯವಾದ ಮದ್ದುಗಳನ್ನು ಬರೀ ಕೊಬ್ಬಿಸುವುದಕ್ಕಾಗಿ ಬಳಸುವುದು ನಿಂತಿತು; ಮೇವಿಗೆ ಬೆರೆಸಲು ಪಶುವೈದ್ಯರ ಅಪ್ಪಣೆ ಬೇಕಾಯಿತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಆ ವರ್ಷ ಇಂಥ ಮದ್ದುಗಳ ಮಾರಾಟ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು. ಆದರೂ "ರೋಗ ಬಾರದಂತೆ ತಡೆಯಲು" ಎಂಬ ಹೆಸರಿನಲ್ಲಿ ಬಾಗಿಲು ಇನ್ನೂ ತೆರೆದೇ ಇದೆ. ಟೈಲೋಸಿನ್ ಆ ಬಾಗಿಲಿನಿಂದಲೇ ದೊಡ್ಡಿಯೊಳಕ್ಕೆ ಹೋಗುತ್ತದೆ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಮದ್ದು ನಿಲ್ಲಿಸಿದರೆ ಪ್ರಾಣಿ ಸಾಯುತ್ತದೆ, ಮಾಂಸ ತುಟ್ಟಿಯಾಗುತ್ತದೆ ಎಂದು ಅವರು ಹೇಳಿದರು. ಡೆನ್ಮಾರ್ಕಿನಲ್ಲಿ ಎಳೆಯ ಹಂದಿಮರಿಗಳಲ್ಲಿ ಭೇದಿ ಹೆಚ್ಚಿ, ಅವುಗಳ ಚಿಕಿತ್ಸೆಗೆ ಮದ್ದು ಹೆಚ್ಚು ಬೇಕಾದದ್ದು ನಿಜ. ಆದರೆ ಒಟ್ಟು ಬಳಕೆ ಬಹಳ ಇಳಿಯಿತು, ಕಸುಬು ಮುಳುಗಲಿಲ್ಲ. ಕಾಯಿಲೆ ಬಿದ್ದ ದನಕ್ಕೆ ಮದ್ದು ಕೊಡಬಾರದೆಂದು ಯಾರೂ ಹೇಳುತ್ತಿಲ್ಲ. ಮೂಕ ಪ್ರಾಣಿಗೆ ಚಿಕಿತ್ಸೆ ಕೊಡುವುದು ಧರ್ಮವೇ. ಹಾಗೆಯೇ ಕೇಡಿನ ಹೊಣೆಯನ್ನೆಲ್ಲ ದನದ ಮೇಲೆ ಹೊರಿಸುವುದೂ ಸರಿಯಲ್ಲ. ಮನುಷ್ಯರಿಗೆ ಮನುಷ್ಯರೇ ಬೇಕಾಬಿಟ್ಟಿ ಕೊಟ್ಟ ಮದ್ದಿನ ಪಾಲು ಇದರಲ್ಲಿ ತುಂಬ ದೊಡ್ಡದು. ಕ್ಷಯವನ್ನೇ ತೆಗೆದುಕೊಳ್ಳಿ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿ ಮೊದಲು ಚೇತರಿಸಿ, ಕೆಲವು ತಿಂಗಳಲ್ಲಿ ಮದ್ದು ನಾಟದೆ ಮತ್ತೆ ಮಲಗಿದ್ದನ್ನು ಬ್ರಿಟನ್ನಿನ ವೈದ್ಯರು 1948ರಲ್ಲೇ ಬರೆದಿದ್ದಾರೆ. ಅದಕ್ಕಾಗಿಯೇ ಇಂದು ಮೂರು ನಾಲ್ಕು ಮದ್ದುಗಳನ್ನು ಕೂಡಿಸಿ, ತಿಂಗಳುಗಟ್ಟಲೆ ಕೊಡುವುದು. ನಡುವೆ ಬಿಟ್ಟವನ ಕ್ಷಯ ಎಷ್ಟು ಭಯಂಕರವಾಗುತ್ತದೆ ಎಂಬುದನ್ನು ಮುಂಬಯಿ ಕಂಡಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮಗೇಕೆ ಈ ಸುದ್ದಿ?

ಒಂದನೆಯದು, ರೋಗಾಣುವಿಗೆ ಪಾಸ್‌ಪೋರ್ಟ್ ಬೇಡ. ಕೋಲಿಸ್ಟಿನ್ ಎಂಬುದು ಬೇರೆ ಯಾವ ಮದ್ದೂ ನಾಟದಾಗ ವೈದ್ಯರು ಕೈಗೆತ್ತಿಕೊಳ್ಳುವ ಮದ್ದು. ಅದಕ್ಕೆ ಜಗ್ಗದಂತೆ ಮಾಡುವ, ಒಂದರಿಂದ ಒಂದಕ್ಕೆ ದಾಟುವ ಕೀಲಿ ಚೀನಾದ ಹಂದಿಗಳಲ್ಲಿಯೂ ರೋಗಿಗಳಲ್ಲಿಯೂ ಸಿಕ್ಕಿತೆಂದು 2015ರ ನವೆಂಬರಿನಲ್ಲಿ ಪ್ರಕಟವಾಯಿತು. ಬೇಗನೆ ಅದು ಬೇರೆ ಅನೇಕ ದೇಶಗಳಲ್ಲಿಯೂ ಕಂಡಿತು. ನಮ್ಮ ಸರಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಕೋಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಲೋಕದಲ್ಲಿ 2019ರ ಒಂದೇ ವರ್ಷ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯದಿಂದಲೇ ಸತ್ತವರು ಸುಮಾರು 12 ಲಕ್ಷ 70 ಸಾವಿರ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಎರಡನೆಯದು, ನಾವು ಊಟ ಬಡಿಸುವ ಜನ. ಮದ್ದಿಗೆ ಜಗ್ಗದ ರೋಗಾಣು ಬೆಂಕಿಗೆ ಜಗ್ಗುತ್ತದೆ. ಚೆನ್ನಾಗಿ ಬೆಂದ ಪದಾರ್ಥದಲ್ಲಿ ಅದೂ ಸಾಯುತ್ತದೆ. ಅಪಾಯ ಇರುವುದು ಹಸಿ ಮಾಂಸ ಕೊಯ್ದ ಹಲಗೆಯ ಮೇಲೆಯೇ ಸೌತೆಕಾಯಿ ಹೆಚ್ಚುವುದರಲ್ಲಿ, ತೊಳೆಯದ ಕೊತ್ತಂಬರಿಯಲ್ಲಿ, ಕಕ್ಕಸಿನಿಂದ ಬಂದು ಸೋಪು ಹಚ್ಚದ ಕೈಯಲ್ಲಿ. ಇದು ಮಾಂಸದ ಹೋಟೆಲಿಗೆ ಮಾತ್ರ ಸೇರಿದ್ದಲ್ಲ. ಸಗಣಿ ಗೊಬ್ಬರ ಬಿದ್ದ ಹೊಲದ ಸೊಪ್ಪು ಎಲ್ಲ ಅಡಿಗೆಮನೆಗೂ ಬರುತ್ತದೆ. ಸೋಪು, ನೀರು, ಬೇರೆ ಬೇರೆ ಹಲಗೆ ಇವನ್ನು ಒದಗಿಸುವುದು ಮಾಲೀಕನ ಕರ್ತವ್ಯ; ಕೇಳುವುದು ನಮ್ಮ ಹಕ್ಕು; ಬಳಸುವುದು ನಮ್ಮ ಹೊಣೆ.

ಹಾಲಿನ ಮಾತೂ ಇದೆ. ಊರಲ್ಲಿ ನಮ್ಮ ಮನೆಗಳಲ್ಲಿ ಹಸುವೋ ಎಮ್ಮೆಯೋ ಉಂಟು. ಕೆಚ್ಚಲು ಬಾವಿಗೆ ಪಶುವೈದ್ಯರು ಮದ್ದು ಏರಿಸಿದರೆ, ಅವರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬಾರದು, ಮಕ್ಕಳಿಗೂ ಕೊಡಬಾರದು. ಕಾಯಿಸಿದರೆ ರೋಗಾಣು ಸಾಯುತ್ತದೆ. ಮದ್ದಿನ ಅಂಶ ಪೂರ್ತಿ ಹೋಗುತ್ತದೆಂದು ನಂಬಬೇಡಿ. ಮುಂದಿನ ಕಾಗದದಲ್ಲಿ, ಇಲ್ಲವೇ ಫೋನಿನಲ್ಲಿ, ಮನೆಯವರಿಗೆ ಈ ಮಾತು ತಿಳಿಸಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಮಾಣಿಗೆ ಜ್ವರ ಬಂದರೆ ಏನು ಮಾಡುತ್ತಾನೆ? ಒಂದು ದಿನ ಮಲಗಿದರೆ ಸಂಬಳ ಕಡಿತ, ಎರಡು ದಿನ ಮಲಗಿದರೆ ಜಾಗಕ್ಕೆ ಬೇರೆಯವನು. ಮೂಲೆಯ ಔಷಧದ ಅಂಗಡಿಗೆ ಹೋಗಿ ನಾಲ್ಕು ಕ್ಯಾಪ್ಸೂಲ್ ತರುತ್ತಾನೆ. ಎರಡು ನುಂಗಿ, ಜ್ವರ ಇಳಿದಂತೆ ಕಂಡರೆ ಉಳಿದ ಎರಡನ್ನು ಟ್ರಂಕಿನಲ್ಲಿಟ್ಟು, ಮುಂದೆ ಊರಿನ ಗೆಳೆಯನಿಗೆ ಕೊಡುತ್ತಾನೆ. ನೆಗಡಿ ಮತ್ತು ಫ್ಲೂ ವೈರಸ್ಸಿನಿಂದ ಬರುವವು. ಅವಕ್ಕೆ ಆಂಟಿಬಯಾಟಿಕ್ ಕೆಲಸವನ್ನೇ ಮಾಡದು. ಕೆಲಸ ಮಾಡುವ ಕಾಯಿಲೆಗೆ ಇದು ಅರೆಪ್ರಮಾಣ. ದೊಡ್ಡಿಯ ದನಕ್ಕೆ ಮಾಲೀಕ ಮಾಡಿದ್ದನ್ನು ನಾವು ನಮ್ಮ ಮೈಗೆ ನಾವೇ ಮಾಡಿಕೊಂಡಂತೆ. ಆದರೆ ಅವನನ್ನು ಬೈದು ಪ್ರಯೋಜನವಿಲ್ಲ. ರಜೆ ಇದ್ದರೆ ಅವನು ಮಲಗುತ್ತಿದ್ದ. ವೈದ್ಯರು ಹತ್ತಿರವಿದ್ದರೆ ತೋರಿಸುತ್ತಿದ್ದ.

ಆದ್ದರಿಂದ ಸೋದರರೇ, ನಾವು ಎರಡು ಕೆಲಸ ಮಾಡಬೇಕು. ನಮ್ಮ ಮಟ್ಟಿಗೆ: ವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಳ್ಳಬಾರದು. ಅನೇಕ ಆಂಟಿಬಯಾಟಿಕ್ಕುಗಳ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ. ಓದು ಬಾರದವರಿಗೂ ಆ ಗೆರೆ ಗುರುತು ಸಿಗುತ್ತದೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ಎರಡು ವಾರ ಕೆಮ್ಮು ಬಿಡದಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯದ ಮದ್ದು ಅಲ್ಲಿ ಪುಕ್ಕಟೆ. ಸಂಘದ ಮಟ್ಟಿಗೆ: ಇ.ಎಸ್.ಐ. ಯೋಜನೆಗೆ ಸೇರಬೇಕಾದ ಹೋಟೆಲುಗಳಲ್ಲಿ ಪ್ರತಿಯೊಬ್ಬನ ಹೆಸರೂ ದಾಖಲಾಗಿದೆಯೇ ಎಂದು ವಿಚಾರಿಸಬೇಕು. ಹೆಸರಿದ್ದವನಿಗೆ ಚಿಕಿತ್ಸೆಯೂ ಉಂಟು, ನಿಯಮದಂತೆ ಕಾಯಿಲೆಯ ದಿನಗಳಿಗೆ ಕೂಲಿಯ ಒಂದು ಭಾಗವೂ ಉಂಟು. ಕಾಯಿಲೆ ರಜೆಯ ಬೇಡಿಕೆಯನ್ನು ಬೋನಸ್ಸಿನ ಬೇಡಿಕೆಯಷ್ಟೇ ಗಟ್ಟಿಯಾಗಿ ಇಡಬೇಕು.

ಭೂಮಿ, ನೀರು, ಗಾಳಿಯಂತೆ ಈ ಮದ್ದುಗಳೂ ಎಲ್ಲರ ಸೊತ್ತು. ಒಬ್ಬರು ಲಾಭಕ್ಕಾಗಿ ಪೋಲು ಮಾಡಿದರೆ ಎಲ್ಲರಿಗೂ ಕಡಿಮೆಯಾಗುತ್ತದೆ. ಮೊದಲು ಕಡಿಮೆಯಾಗುವುದು ಬಡವನಿಗೆ. ಏಕೆಂದರೆ ಹಳೆಯ ಅಗ್ಗದ ಮದ್ದು ನಾಟದಾಗ ಹೊಸ ದುಬಾರಿ ಮದ್ದು ಕೊಳ್ಳಲು ಅವನಲ್ಲಿ ದುಡ್ಡಿರುವುದಿಲ್ಲ. ಇಷ್ಟನ್ನು ತಿಳಿದು, ನಾಳೆ ನಿಮ್ಮ ನಿಮ್ಮ ಕೋಣೆಯ ಜೊತೆಗಾರರಿಗೆ ತಿಳಿಸಿದರೆ ಈ ಭಾಷಣ ಸಾರ್ಥಕ.